ಒಡ್ಡಿನ ಹಿಂಬದಿ ಒದ್ದೆಯಾಗಿದೆ, ಮೇಲೆ ಜಾಲಿ ಬೆಳೆದಿದೆ: ಏನು ಮಾಡೋದು?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಕುಷ್ಟಗಿ ತಾಲ್ಲೂಕು. ಹೊಲದ ನಡುವೆ ಸಣ್ಣ ಹಳ್ಳ ಇದೆ. ಅದಕ್ಕೆ ಅಡ್ಡವಾಗಿ ನಮ್ಮ ಮಾವನವರು ಇಪ್ಪತ್ತು ವರ್ಷದ ಹಿಂದೆ ಸ್ವಂತ ಖರ್ಚಿನಲ್ಲಿ ಮಣ್ಣಿನ ಒಡ್ಡು ಹಾಕಿಸಿದ್ದರು. ಉದ್ದ 300 ಅಡಿ, ನಡುವೆ ಎತ್ತರ 13 ಅಡಿ. ಮೇಲಿನ ಸುಮಾರು 50 ಎಕರೆಯ ನೀರು ಹರಿದು ಬಂದು ಇಲ್ಲಿ ನಿಲ್ಲುತ್ತದೆ. ಹೆಚ್ಚಾದ ನೀರು ಹೊರಗೆ ಹೋಗುವ ಕೋಡಿ 6 ಅಡಿ ಅಗಲ ಇದೆ, ಒಡ್ಡಿನ ತಲೆಗಿಂತ 3 ಅಡಿ ಕೆಳಗಿದೆ. ಮಾವನವರು ತೀರಿಕೊಂಡ ಮೇಲೆ ಯಾರೂ ಅದರ ಕಡೆ ಗಮನ ಕೊಟ್ಟಿಲ್ಲ. ಮೇಲೆಲ್ಲ ಬಳ್ಳಾರಿ ಜಾಲಿ ಬೆಳೆದಿದೆ. ಕಳೆದ ದಸರಾ ಹೊತ್ತಿಗೆ ನೀರು ತುಂಬಿದಾಗ ಹಿಂಬದಿಯಲ್ಲಿ, ತೂಬಿನ ಪೈಪಿನ ಪಕ್ಕ ನೆಲ ಒದ್ದೆಯಾಗಿತ್ತು. ಕಾಲಿಟ್ಟರೆ ಹೂತು ಹೋಗುತ್ತಿತ್ತು. ಈಗ ನೀರು ತಳ ಸೇರಿದೆ, ಆ ಜಾಗವೂ ಒಣಗಿದೆ. ಹೋದ ವರ್ಷ ಮೈದುನ ಕೋಡಿಗೆ ಉಸುಕಿನ ಚೀಲ ಇಟ್ಟು ಒಂದೂವರೆ ಅಡಿ ನೀರು ಜಾಸ್ತಿ ನಿಲ್ಲಿಸಿದ. ಈ ಸಲ ದಾಳಿಂಬೆಗೆ ನೀರು ಸಾಲುವುದಿಲ್ಲ, ಒಡ್ಡನ್ನೇ 3 ಅಡಿ ಎತ್ತರಿಸೋಣ ಅನ್ನುತ್ತಿದ್ದಾನೆ. ಒಡ್ಡಿನ ಕೆಳಗೆ ಪಕ್ಕದವರ ಹೊಲ ಇದೆ, ಕೂಲಿಯವರ ನಾಲ್ಕು ಶೆಡ್ ಇವೆ. ರಾತ್ರಿ ಮಳೆ ಬಂದರೆ ನನಗೆ ನಿದ್ದೆ ಬರುವುದಿಲ್ಲ. ಜಾಲಿ ಕಡಿಸಬೇಕಾ? ಎತ್ತರಿಸಬಹುದಾ? ಒಡೆದರೆ ಹೊಣೆ ಯಾರದು?

ಉತ್ತರ: ನೀವು ಅಳತೆ ಎಲ್ಲಾ ಬರೆದು ಕಳಿಸಿದ್ದು ಬಹಳ ಒಳ್ಳೆಯದಾಯಿತು ತಾಯಿ. ನಿಮಗೆ ನಿದ್ದೆ ಬರದಿರುವುದಕ್ಕೆ ಕಾರಣ ಇದೆ. ಅದಕ್ಕೇ ಮೊದಲು ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಕೋಡಿಗೆ ಇಟ್ಟ ಚೀಲ ಇನ್ನೂ ಅಲ್ಲೇ ಇದ್ದರೆ ನಾಳೆ ಬೆಳಗ್ಗೆ ತೆಗೆಸಿ. ಒಡ್ಡು ಎತ್ತರಿಸುವ ಮಾತನ್ನು ಈ ವರ್ಷ ಮನೆಯಲ್ಲಿ ಯಾರೂ ಎತ್ತುವುದು ಬೇಡ. ಉಳಿದದ್ದಕ್ಕೆ ಸಮಯ ಇದೆ. ಈಗ ನೀರು ತಳ ಸೇರಿರುವುದರಿಂದ, ರೋಹಿಣಿ ಮಳೆಗೆ ಮೊದಲು ಆಗುವ ಕೆಲಸವೇ ಜಾಸ್ತಿ.

ಒದ್ದೆ ಜಾಗದಿಂದ ಶುರು ಮಾಡೋಣ. ನನಗೆ ಹೆಚ್ಚು ಯೋಚನೆಗೆ ಹಚ್ಚಿದ್ದು ಅದೇ.

ಮಣ್ಣಿನ ಒಡ್ಡು ಅಂದ ಮೇಲೆ ಸ್ವಲ್ಪ ಜಿನುಗಿಯೇ ಜಿನುಗುತ್ತದೆ. ಒಂದು ಹನಿಯೂ ಹೊರಗೆ ಬರದ ಒಡ್ಡು ನಾನು ನೋಡಿಲ್ಲ. ಹೊರಗೆ ಬರುವ ನೀರು ತಿಳಿಯಾಗಿದೆಯಾ, ರಾಡಿಯಾಗಿದೆಯಾ ಎನ್ನುವುದೇ ಮುಖ್ಯ. ರಾಡಿ ಬಂದರೆ ಒಡ್ಡಿನ ಹೊಟ್ಟೆಯೊಳಗಿನ ಮಣ್ಣು ಕಾಳು ಕಾಳಾಗಿ ಹೊರಗೆ ಬರುತ್ತಿದೆ ಅಂತ ಅರ್ಥ. ನೀರು ಹೊರಬೀಳುವ ಜಾಗದಲ್ಲಿ ಮೊದಲು ಬೆರಳಿನಷ್ಟು ಪೊಳ್ಳಾಗುತ್ತದೆ. ಆ ಪೊಳ್ಳು ಹಿಂದಕ್ಕೆ, ಕೆರೆಯ ನೀರಿನ ಕಡೆಗೆ ಬೆಳೆಯುತ್ತಾ ಹೋಗುತ್ತದೆ. ಹತ್ತಿರ ಹೋದಷ್ಟೂ ನೀರಿನ ಜೋರು ಜಾಸ್ತಿ, ಮಣ್ಣು ಕೊಚ್ಚುವುದೂ ಜಾಸ್ತಿ. ಕೊನೆಗೆ ಅದು ಕೆರೆಯನ್ನು ಮುಟ್ಟಿತು ಅಂದರೆ ಆಮೇಲೆ ಉಳಿಯುವುದು ಗಂಟೆಗಳ ಲೆಕ್ಕ ಮಾತ್ರ.

ಮುಂದಿನ ಸಲ ಒದ್ದೆ ಕಂಡಾಗ ಹೀಗೆ ಮಾಡಿ. ಬಿಳಿ ಗಾಜಿನ ಬಾಟಲಿ ತಗೊಳ್ಳಿ. ನೀರು ಒಸರುವ ಕಡೆ ಸಲಿಕೆಯಿಂದ ಸಣ್ಣ ಕುಣಿ ಮಾಡಿ, ಮೊದಲ ರಾಡಿ ಹರಿದು ಹೋಗಲು ಬಿಡಿ. ಆಮೇಲೆ ಬಾಟಲಿ ತುಂಬಿಸಿ ಬಿಸಿಲಿಗೆ ಹಿಡಿದು ನೋಡಿ. ಒಂದು ರಾತ್ರಿ ಅಡುಗೆಮನೆ ಕಟ್ಟೆಯ ಮೇಲೆ ಅಲುಗಿಸದೆ ಇಡಿ. ಬೆಳಗ್ಗೆ ತಳದಲ್ಲಿ ಉಗುರಿನಷ್ಟು ದಪ್ಪ ಮಣ್ಣು ಕೂತಿದ್ದರೆ ಅದು ನಿಮ್ಮ ಒಡ್ಡಿನದೇ ಮಣ್ಣು. ತಡ ಮಾಡದೆ ಎಂಜಿನಿಯರನ್ನು ಕರೆಸಿ, ನೀರನ್ನು ಇಳಿಸಲು ಶುರು ಮಾಡಿ. ತಳ ಸ್ವಚ್ಛ ಇದ್ದರೆ ಹತ್ತು ಲೀಟರ್ ಬಕೆಟ್ ಇಟ್ಟು ಎಷ್ಟು ಹೊತ್ತಿಗೆ ತುಂಬುತ್ತದೆ ಅಂತ ಮೊಬೈಲಿನಲ್ಲಿ ಹೊತ್ತು ನೋಡಿ, ತಾರೀಖು ಹಾಕಿ ಬರೆದಿಡಿ. ಜೊತೆಗೆ ಕೆರೆಯಲ್ಲಿ ಆ ದಿನ ಎಷ್ಟು ಅಡಿ ನೀರಿತ್ತು ಅಂತಲೂ ಬರೆಯಿರಿ. ನೀರು ಅಷ್ಟೇ ಇದ್ದು, ಬಕೆಟ್ ಮಾತ್ರ ಮೊದಲಿಗಿಂತ ಬೇಗ ತುಂಬತೊಡಗಿದರೆ ಒಳಗೆ ದಾರಿ ಅಗಲವಾಗುತ್ತಿದೆ ಅಂತ ತಿಳಿಯಿರಿ.

ಕೆಲವು ವರ್ಷಗಳ ಹಿಂದೆ ಯಲಬುರ್ಗಾ ಕಡೆಯ ಒಬ್ಬ ರೈತರು ಸಂಜೆ ಫೋನ್ ಮಾಡಿದರು. ಹಿಂಬದಿಯಲ್ಲಿ ರಾಡಿ ನೀರು ಬರುತ್ತಿದೆ, ಎರೆ ಮಣ್ಣು ತುಂಬಿ, ಮೇಲೆ ತಾಡಪಾಲು ಹಾಸಿ, ಕಲ್ಲು ಹೇರಿ ಬಂದ್ ಮಾಡಿದ್ದೇವೆ, ಈಗ ನಿಂತಿದೆ ಅಂದರು. ನಾನು ಹೊರಟು ಹೋಗುವಷ್ಟರಲ್ಲಿ ಕತ್ತಲಾಗಿತ್ತು. ಆರು ಅಡಿ ಪಕ್ಕದಲ್ಲಿ ಹೊಸದಾಗಿ ಬುಗ್ಗೆ ಎದ್ದಿತ್ತು. ಟಾರ್ಚ್ ಬೆಳಕಿಗೆ ಆ ನೀರು ಚಹಾದ ಬಣ್ಣದಲ್ಲಿ ಕಾಣುತ್ತಿತ್ತು. ಕೆಳಗಿನ ಗುಡಿಸಲಿನವರನ್ನು ಎಬ್ಬಿಸಿ ಮೇಲಕ್ಕೆ ಕರೆತಂದೆವು. ಬೆಳಗ್ಗೆ ನೋಡಿದರೆ ಒಡ್ಡಿನ ನಡುವೆ ಎರಡು ಟ್ರ್ಯಾಕ್ಟರ್ ಜೋಡಿಯಾಗಿ ಹಾದು ಹೋಗುವಷ್ಟು ಅಗಲ ಬಾಯಿ ತೆರೆದಿತ್ತು. ಜೀವ ಹೋಗಲಿಲ್ಲ. ಪಕ್ಕದವರ ಶೇಂಗಾ ಹೊಲದ ಮೇಲೆ ಮೊಣಕಾಲು ಮಟ್ಟ ಉಸುಕು ಕೂತಿತ್ತು.

ಅವರು ಮಾಡಿದ್ದು ಎಲ್ಲರಿಗೂ ಮೊದಲು ಹೊಳೆಯುವ ಕೆಲಸ. ಸೋರುವ ಕೊಡಕ್ಕೆ ಮೇಣ ಹಚ್ಚುವ ಹಾಗೆ ಹಿಂದಿನಿಂದ ಮುಚ್ಚುವುದು. ಒಡ್ಡಿಗೆ ಇದು ನಡೆಯುವುದಿಲ್ಲ. ಹೊರಗಿನ ಬಾಯಿ ಮುಚ್ಚಿದರೆ ಒಳಗಿನ ಒತ್ತಡ ಏರಿ ಇನ್ನೊಂದು ಕಡೆ ಒಡೆದು ಬರುತ್ತದೆ. ನೀರು ಹೋಗಲಿ, ಮಣ್ಣು ಹೋಗಬಾರದು. ಒಡ್ಡಿನ ಎಲ್ಲಾ ಕೆಲಸಕ್ಕೂ ಇದೇ ಲೆಕ್ಕ. ಅದಕ್ಕೆ ಉಸುಕು ಬೇಕು. ಬುಗ್ಗೆಯ ಮೇಲೆ ಮೊದಲು ತೊಳೆದ ದಪ್ಪ ಉಸುಕು, ಅದರ ಮೇಲೆ ಸಣ್ಣ ಖಡಿ, ಅದರ ಮೇಲೆ ದೊಡ್ಡ ಕಲ್ಲು. ನೀರು ಸೋಸಿಕೊಂಡು ಹೊರಗೆ ಬರುತ್ತದೆ, ಮಣ್ಣು ಉಸುಕಿನಲ್ಲೇ ತಡೆದು ನಿಲ್ಲುತ್ತದೆ. ಕಲ್ಲನ್ನು ಮೊದಲು ಹಾಕಿದರೆ ಅದರ ಸಂದಿನಿಂದ ಮಣ್ಣು ಆರಾಮಾಗಿ ಹರಿದು ಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ಒಂದು ಟ್ರಾಲಿ ಉಸುಕು, ಅರ್ಧ ಟ್ರಾಲಿ ಖಡಿ, ನೂರು ಖಾಲಿ ಚೀಲ ಒಡ್ಡಿನ ತುದಿಗೆ ತಂದು ಇಟ್ಟುಕೊಳ್ಳಿ. ರಾತ್ರಿ ಹನ್ನೆರಡಕ್ಕೆ ಯಾರೂ ಉಸುಕು ತಂದು ಕೊಡುವುದಿಲ್ಲ.

ನಿಮ್ಮ ಒದ್ದೆ ಇರುವುದು ಪೈಪಿನ ಪಕ್ಕ ಅಲ್ವಾ, ಅದು ಒಡ್ಡಿನಲ್ಲಿ ಅತಿ ಕಚ್ಚಾ ಜಾಗ. ಪೈಪಿನ ಹೊಟ್ಟೆಯ ಕೆಳಗೆ ಮಣ್ಣನ್ನು ದಮ್ಮಸ್ಸು ಮಾಡಲು ಕೈಯೂ ಹೋಗುವುದಿಲ್ಲ, ಯಂತ್ರವೂ ಹೋಗುವುದಿಲ್ಲ. ಅಲ್ಲಿ ಉಳಿದ ಸಂದಿನಲ್ಲೇ ನೀರು ದಾರಿ ಮಾಡಿಕೊಳ್ಳುತ್ತದೆ. ಈಗ ಕೆರೆ ಒಣಗಿರುವಾಗಲೇ ಇದನ್ನು ಸರಿ ಮಾಡಿಸಿ. ಒಡ್ಡಿನ ಅಡ್ಡಗಲವನ್ನು ಮೂರು ಪಾಲು ಮಾಡಿದರೆ ಹಿಂಬದಿಯ ಕೊನೆಯ ಪಾಲಿನಲ್ಲಿ ಪೈಪಿನ ಸುತ್ತ ಅಗೆದು, ಮೇಲೆ ಕೆಳಗೆ ಎಡ ಬಲ ಎಲ್ಲಾ ಕಡೆ ಎರಡು ಮೂರು ಅಡಿ ದಪ್ಪ ತೊಳೆದ ಉಸುಕು ತುಂಬಿಸಬೇಕು. ಆ ಉಸುಕಿಗೆ ಬಂದ ನೀರು ಬುಡದ ತನಕ ಹರಿದು ಹೊರಗೆ ಬೀಳಲು ಖಡಿಯ ದಾರಿ ಬಿಡಬೇಕು. ಪುಡಿ ಜಾಸ್ತಿ ಇರುವ ಎಂ-ಸ್ಯಾಂಡ್ ಬೇಡ. ಅದು ಹಸಿಯಾದಾಗ ಗಟ್ಟಿಯಾಗಿ ಕೂತು, ಬಿರುಕು ಬಿಟ್ಟರೆ ಹಾಗೇ ನಿಲ್ಲುತ್ತದೆ. ಒಳ್ಳೆಯ ಉಸುಕು ಬಿರುಕು ಬಿಡುವುದಿಲ್ಲ, ಸಂದು ಬಿದ್ದರೆ ತಾನೇ ಜಾರಿ ತುಂಬಿಕೊಳ್ಳುತ್ತದೆ. ಈ ಕೆಲಸವನ್ನು ಮಾತ್ರ ಬರೀ ಜೆಸಿಬಿ ಚಾಲಕರ ಕೈಗೆ ಬಿಡಬೇಡಿ. ಒಡ್ಡಿನ ಕೆಲಸ ಗೊತ್ತಿರುವ ಎಂಜಿನಿಯರ್ ಪಕ್ಕದಲ್ಲಿ ನಿಂತಿರಲಿ.

ಅಗೆದಾಗ ಸಿಗುವ ಮಣ್ಣನ್ನು ಒಂದು ಸಣ್ಣ ಪರೀಕ್ಷೆ ಮಾಡಿ. ಬ್ಯಾಟರಿಗೆ ಹಾಕುವ ನೀರು (ಡಿಸ್ಟಿಲ್ಡ್ ವಾಟರ್, ಆ್ಯಸಿಡ್ ಅಲ್ಲ) ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಗಾಜಿನ ಲೋಟಕ್ಕೆ ಹಾಕಿ. ಬೋರಿನ ನೀರು ಬೇಡ, ಅದರ ಉಪ್ಪು ಮಣ್ಣಿನ ಗುಣ ಮರೆಸಿಬಿಡುತ್ತದೆ. ಒಂದು ಅಡಿ ಆಳದ ಹಸಿ ಮಣ್ಣಿನಿಂದ ಗೋಲಿ ಗಾತ್ರದ ಹೆಂಟೆ ಮುರಿದು ಮೆಲ್ಲಗೆ ಒಳಗೆ ಬಿಡಿ. ಹತ್ತು ನಿಮಿಷ ಲೋಟ ಮುಟ್ಟಬೇಡಿ. ಹೆಂಟೆ ಕುಸಿದು ಗುಡ್ಡೆಯಾಗಿ ಕೂತು, ಮೇಲಿನ ನೀರು ತಿಳಿಯಾಗಿದ್ದರೆ ಚಿಂತೆ ಇಲ್ಲ. ಹೆಂಟೆಯ ಸುತ್ತ ಮಜ್ಜಿಗೆ ಚೆಲ್ಲಿದ ಹಾಗೆ ಮಬ್ಬು ಹರಡಿ, ಎಷ್ಟು ಹೊತ್ತಾದರೂ ಕೆಳಗಿಳಿಯದಿದ್ದರೆ ಅದು ಸವಳಿನ ಗುಣದ ಮಣ್ಣು. ನೀರು ನಿಧಾನವಾಗಿ ಹರಿದರೂ ಅದು ಕರಗಿ ಹೋಗುತ್ತದೆ. ನಮ್ಮ ಎರೆ ನೆಲದಲ್ಲಿ ಅಲ್ಲಲ್ಲಿ ಇಂಥ ಮಣ್ಣು ಇದ್ದೇ ಇದೆ. ಅದನ್ನು ಪೈಪಿನ ಸುತ್ತ ವಾಪಸ್ ತುಂಬಬಾರದು. ಬೇರೆ ಕಡೆ ಬಳಸಲೇಬೇಕಾದರೆ ಜಿಪ್ಸಮ್ ಬೆರೆಸಬೇಕು, ಎಷ್ಟು ಅಂತ ಮಣ್ಣು ಪರೀಕ್ಷೆ ಮಾಡಿಸಿ ಕೇಳಿ. ಹಿರಿಯರಿಗೆ ಇದು ಗೊತ್ತಿತ್ತು. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಡಪಾ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ ಹತ್ತಿರ 1369ರ ಶಾಸನ ಇದೆ. ಕೆರೆಗೆ ಇರಬಾರದ ಆರು ದೋಷಗಳನ್ನು ಅದರಲ್ಲಿ ಹೇಳಿದ್ದಾರೆ. ಮೊದಲನೆಯದು ಏರಿಯಿಂದ ನೀರು ಒಸರುವುದು, ಎರಡನೆಯದು ಸವಳು ನೆಲ. ನಿಮ್ಮ ಪತ್ರ ಓದಿದ ತಕ್ಷಣ ನನಗೆ ನೆನಪಾದದ್ದು ಈ ಎರಡೇ.

ಇನ್ನು ಕೋಡಿ. ಮಣ್ಣಿನ ಒಡ್ಡುಗಳು ಹೆಚ್ಚಾಗಿ ಹಾಳಾಗುವುದು ಎರಡು ರೀತಿ. ಒಂದು ಈಗ ಹೇಳಿದ ಒಳಕೊರೆತ. ಇನ್ನೊಂದು ನೀರು ತಲೆ ಮೇಲೆ ಹರಿಯುವುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿ ಹೋದದ್ದು ನಿಮಗೆ ನೆನಪಿರಬೇಕು. ಗೇಟ್ ಹೋದರೂ ಕಲ್ಲಿನ ಕಟ್ಟೆ ನಿಂತಿತು. ಮಣ್ಣಿಗೆ ಆ ತಾಳಿಕೆ ಇಲ್ಲ. ತಲೆಯ ಮೇಲೆ ಅರ್ಧ ಅಡಿ ನೀರು ಸ್ವಲ್ಪ ಹೊತ್ತು ಹರಿದರೂ ಹಿಂಬದಿಯ ಮಣ್ಣು ಮೆಟ್ಟಿಲು ಮೆಟ್ಟಿಲಾಗಿ ಕಿತ್ತು ಹೋಗುತ್ತದೆ.

ನಿಮ್ಮ ಅಳತೆಗೆ ಒಂದು ಅಂದಾಜು ಲೆಕ್ಕ ಹಾಕಿದೆ. ಗಂಟೆಗೆ 75 ಮಿಲಿಮೀಟರ್ ಜೋರಿನ ಮಳೆ ನಮ್ಮ ಕಡೆ ಅಪರೂಪ, ಆದರೆ ಬರದ್ದೇನಲ್ಲ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಹಸ್ತ ಮಳೆ ನಮ್ಮ ಕಡೆಯ ಜಿಲ್ಲೆಗಳಲ್ಲಿ ಏನು ಮಾಡಿತು ಅಂತ ನೋಡಿದ್ದೇವೆ. ಅಂಥ ಮಳೆ 50 ಎಕರೆಯ ಮೇಲೆ ಬಿದ್ದು, ಅರ್ಧ ನೀರು ಹರಿದು ಬಂದರೂ ಸೆಕೆಂಡಿಗೆ ಸುಮಾರು 2,100 ಲೀಟರ್ ಆಗುತ್ತದೆ. ಅಷ್ಟು ನೀರು 6 ಅಡಿ ಅಗಲದ ಕೋಡಿಯಲ್ಲಿ ಹೋಗಬೇಕಾದರೆ ಎರಡೂವರೆ ಅಡಿ ಆಳ ಹರಿಯಬೇಕು. ನಿಮ್ಮ ಕೋಡಿಯಿಂದ ಒಡ್ಡಿನ ತಲೆಗೆ ಇರುವುದು ಮೂರೇ ಅಡಿ. ಅದರಲ್ಲಿ ಮೈದುನನ ಚೀಲ ಒಂದೂವರೆ ಅಡಿ ತಿಂದಿತ್ತು. ಹೋದ ವರ್ಷ ದೊಡ್ಡ ಮಳೆ ಬರಲಿಲ್ಲ ಅಂತ ಒಡ್ಡು ಉಳಿಯಿತು, ಅಷ್ಟೇ.

ಇನ್ನೊಂದು ವಿಷಯ. ಇಪ್ಪತ್ತು ವರ್ಷದಲ್ಲಿ ಒಡ್ಡು ನಡುವೆ ಕುಗ್ಗಿರುತ್ತದೆ. ದನ ದಾಟುವ ದಾರಿ ಇದ್ದರೆ ಅಲ್ಲಿ ಇನ್ನೂ ತಗ್ಗು. ಗೌಂಡಿಗಳ ಹತ್ತಿರ ಇರುವ ನೀರಿನ ಲೆವೆಲ್ ಪೈಪ್ ತರಿಸಿ, ಕೋಡಿಯಿಂದ ಶುರು ಮಾಡಿ ಇಪ್ಪತ್ತು ಅಡಿಗೊಂದು ಕಡೆ ತಲೆಯ ಮಟ್ಟ ಅಳೆಯಿರಿ. ಮೂರು ಅಡಿ ಅಂದುಕೊಂಡದ್ದು ನಡುವೆ ಎರಡೂಕಾಲು ಅಡಿ ಮಾತ್ರ ಇರಬಹುದು. ಹಾಗಿದ್ದರೆ ಚೀಲ ಇಲ್ಲದೆಯೂ ನೀರು ತಲೆ ಮೇಲೆ ಬರುತ್ತದೆ.

ಪರಿಹಾರ ಸುಲಭ ಇದೆ. ಕೋಡಿಯನ್ನು 25 ಅಡಿ ಅಗಲ ಮಾಡಿಸಿ. ಅದೇ ಪ್ರವಾಹ ಆಗ ಒಂದು ಅಡಿ ಆಳದಲ್ಲಿ ಹರಿದು ಹೋಗುತ್ತದೆ, ಒಡ್ಡಿನ ತಲೆಗೆ ಎರಡು ಅಡಿ ಉಳಿಯುತ್ತದೆ. ಅಗಲ ಮಾಡುವುದು ತುದಿಯ ಗಟ್ಟಿ ನೆಲದ ಕಡೆಗೆ, ತುಂಬಿದ ಮಣ್ಣಿನ ಕಡೆಗೆ ಅಲ್ಲ. ತಳಕ್ಕೆ ಕಲ್ಲು ಹಾಸಿ. ಹೊರಗೆ ಹೋಗುವ ನೀರು ಒಡ್ಡಿನ ಬುಡ ಸವರದೆ ದೂರ ಹೋಗಿ ಹಳ್ಳ ಸೇರುವ ಹಾಗೆ ಕಾಲುವೆ ತೆಗೆಸಿ. ಕೋಡಿಗೆ ಯಾರೂ ಮೀನಿನ ಬಲೆ ಕಟ್ಟದ ಹಾಗೆ ನೋಡಿಕೊಳ್ಳಿ. ಬಲೆಗೆ ಕಸ ಕಟ್ಟಿಕೊಂಡರೆ ಅದೂ ಚೀಲದಷ್ಟೇ ಅಪಾಯ.

ಎತ್ತರಿಸುವ ಬಗ್ಗೆ ನಿಮ್ಮ ಮೈದುನನಿಗೆ ಈ ಲೆಕ್ಕ ತೋರಿಸಿ. ತಲೆ 8 ಅಡಿ ಅಗಲ ಇಟ್ಟು, ಎರಡೂ ಕಡೆ ಒಂದಡಿ ಎತ್ತರಕ್ಕೆ ಎರಡಡಿ ಅಗಲದ ಇಳಿಜಾರು ಕೊಟ್ಟರೆ 13 ಅಡಿ ಒಡ್ಡಿಗೆ ಬುಡ 60 ಅಡಿ ಬೇಕು. 16 ಅಡಿಗೆ 72 ಅಡಿ. ಅಂದರೆ ನಡುಭಾಗದಲ್ಲಿ ಪ್ರತಿ ಒಂದಡಿ ಉದ್ದಕ್ಕೆ ಸುಮಾರು 200 ಘನ ಅಡಿ ಮಣ್ಣು, ಎರಡು ಬ್ರಾಸ್, ಹೊಸದಾಗಿ ಬರಬೇಕು. ಅದೂ ಸುಮ್ನೆ ಸುರಿಯುವುದಲ್ಲ. ಹಳೆಯ ಒಡ್ಡನ್ನು ಮೆಟ್ಟಿಲು ಕಡಿದು, ಅರ್ಧ ಅಡಿ ಪದರ ಹಾಕಿ, ಹದವಾಗಿ ನೀರು ಹೊಡೆದು, ರೋಲರ್ ಓಡಿಸುತ್ತಾ ಕಟ್ಟಬೇಕು. ಹಿಡಿ ಮಣ್ಣು ಅಮುಕಿದರೆ ಉಂಡೆ ನಿಲ್ಲಬೇಕು, ಕೈಗೆ ಅಂಟಬಾರದು, ಅದೇ ಹದ. ಬರೀ ತಲೆಯ ಮೇಲೆ ಮೂರು ಅಡಿ ಮಣ್ಣು ಹೇರಿದರೆ ಇಳಿಜಾರು ಕಡಿದಾಗಿ ಜಾರುತ್ತದೆ. ನೀರು 10 ಅಡಿಯಿಂದ 13 ಅಡಿಗೆ ಏರಿದರೆ ಒಡ್ಡನ್ನು ತಳ್ಳುವ ಬಲ ಸುಮಾರು 1.7 ಪಟ್ಟು ಆಗುತ್ತದೆ. ಈಗಲೇ ಜಿನುಗುವ ಒಡ್ಡಿನ ಮೇಲೆ ಆ ಭಾರ ಹೇರಲು ನಾನು ಒಪ್ಪುವುದಿಲ್ಲ.

ನೀರು ಜಾಸ್ತಿ ಬೇಕು ಅನ್ನುವುದು ನ್ಯಾಯವೇ. ಅದಕ್ಕೆ ಹೂಳು ತೆಗೆಸಿ. ಇಪ್ಪತ್ತು ವರ್ಷದ ಹೂಳು ನಿಮ್ಮ ಹೊಲಕ್ಕೆ ಬಂಗಾರ. ಒಡ್ಡಿನ ಬುಡದಿಂದ 30 ಅಡಿ ಬಿಟ್ಟು ಅಗೆಯಿರಿ. ಕೆಳಗೆ ಗರಸು ಕಂಡರೆ ಅಲ್ಲಿಗೇ ನಿಲ್ಲಿಸಿ. ತಳದ ಜಿಗುಟು ಮಣ್ಣೇ ನೀರು ಇಂಗದಂತೆ ಹಿಡಿದಿರುವುದು, ಅದನ್ನು ಪೂರ್ತಿ ಬಾಚಿದರೆ ತುಂಬಿದ ಕೆರೆಯೂ ನಿಲ್ಲುವುದಿಲ್ಲ.

ಜಾಲಿ ತೆಗೆಯಲೇಬೇಕು, ಆದರೆ ಬರೀ ಕಡಿದು ಬಿಡಬಾರದು. ಕಡಿದರೆ ಅದು ಮತ್ತೆ ಚಿಗುರುತ್ತದೆ ಅಂತ ನಿಮಗೇ ಗೊತ್ತು. ಚಿಗುರದೆ ಸತ್ತರೆ ಇನ್ನೂ ಕಷ್ಟ, ನಾಲ್ಕಾರು ವರ್ಷದಲ್ಲಿ ಬೇರು ಕೊಳೆತು ಒಡ್ಡಿನೊಳಗೆ ಕೊಳವೆ ಉಳಿಯುತ್ತದೆ. ಮುಂಗೈಗಿಂತ ಸಣ್ಣ ಗಿಡಗಳನ್ನು ಬೇರು ಸಮೇತ ಕೀಳಿಸಿ. ದಪ್ಪ ಗಿಡದ ಬುಡ ಅಗೆದು ಬೇರು ತೆಗೆಸಿ, ಕುಣಿಯ ಗೋಡೆ ಇಳಿಜಾರು ಮಾಡಿ, ಪದರ ಪದರವಾಗಿ ಹಸಿ ಮಣ್ಣು ತುಂಬಿ ದಮ್ಮಸ್ಸು ಮಾಡಿಸಿ. ನೀರು ತುಂಬಿರುವಾಗ ಈ ಕೆಲಸಕ್ಕೆ ಕೈ ಹಾಕಬೇಡಿ. ತೆರವಾದ ಜಾಗಕ್ಕೆ ಗರಿಕೆ ಹಚ್ಚಿಸಿ. ತುದಿಯ ಗಟ್ಟಿ ನೆಲದಲ್ಲಿ ಪೂಜೆ ಮಾಡುವ ಬನ್ನಿ ಗಿಡ ಇದ್ದರೆ ಅದು ಇರಲಿ. ಒಡ್ಡಿನ ಮೈಮೇಲೆ ಮಾತ್ರ ಯಾವ ಗಿಡವೂ ಬೇಡ. ಜಾಲಿ ಹೋದ ಮೇಲೆ ಹೆಗ್ಗಣದ ಬಿಲ, ಏಡಿಯ ತೂತು, ಹುತ್ತ ಎಲ್ಲಾ ಕಣ್ಣಿಗೆ ಬೀಳುತ್ತವೆ. ಅವನ್ನೂ ಅಗೆದು ಗಟ್ಟಿಯಾಗಿ ತುಂಬಿಸಿ.

ಎರೆ ಮಣ್ಣಿನ ಒಡ್ಡಾದರೆ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಉದ್ದಕ್ಕೆ ಬಿಟ್ಟ ಬಿರುಕಿಗಿಂತ, ಕೆರೆಯ ಕಡೆಯಿಂದ ಹಿಂದಕ್ಕೆ ಹಾಯುವ ಅಡ್ಡ ಬಿರುಕು ಕೆಟ್ಟದ್ದು. ಬೇಸಿಗೆ ಮುಗಿದು ಮೊದಲ ಮಳೆಗೇ ಕೆರೆ ತುಂಬಿದರೆ ಆ ಬಿರುಕಿನಲ್ಲೇ ನೀರು ನುಗ್ಗುತ್ತದೆ. ಬಿರುಕನ್ನು ಆಳದ ತನಕ ಅಗೆದು ಹಸಿ ಮಣ್ಣು ತುಂಬಿ, ತಲೆಗೆ ಅರ್ಧ ಅಡಿ ಗರಸು ಹಾಸಿದರೆ ಎರೆ ಬೇಗ ಒಣಗುವುದಿಲ್ಲ.

ಹೊಣೆಯ ಮಾತು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ ಅನ್ವಯ. 10ರಿಂದ 15 ಮೀಟರಿನವು ಕೆಲವು ಷರತ್ತಿನ ಮೇಲೆ ಸೇರುತ್ತವೆ. ನಿಮ್ಮದು 4 ಮೀಟರ್, ಹಾಗಾಗಿ ಆ ಕಾಯ್ದೆಯ ಕೆಳಗೆ ಯಾರೂ ತಪಾಸಣೆಗೆ ಬರುವುದಿಲ್ಲ. ನೋಡಿಕೊಳ್ಳುವವರು ನೀವೇ. ಸ್ವಂತ ಜಾಗದಲ್ಲಿ ನೀರು ಕೂಡಿಸಿ, ಅದು ತಪ್ಪಿಸಿಕೊಂಡು ಪಕ್ಕದವರಿಗೆ ಹಾನಿ ಮಾಡಿದರೆ ಕೂಡಿಸಿದವರೇ ಹೊಣೆ ಅಂತ 1868ರಲ್ಲಿ ಇಂಗ್ಲೆಂಡಿನ ಒಂದು ಗಿರಣಿಯ ಕೆರೆಯ ಮೊಕದ್ದಮೆಯಲ್ಲಿ ತೀರ್ಪಾಯಿತು. ನಮ್ಮ ನ್ಯಾಯಾಲಯಗಳೂ ಆ ತತ್ವವನ್ನು ಬಳಸಿವೆ. 1874ರಲ್ಲಿ ಹಳೆಯ ಮದ್ರಾಸ್ ಪ್ರಾಂತ್ಯದ ಒಂದು ಜಮೀನ್ದಾರಿಯ ಕೆರೆಗಳು ಒಡೆದು ರೈಲ್ವೆ ಕಂಪನಿಗೆ ನಷ್ಟವಾದ ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ, ಅಂದರೆ ಆಗಿನ ಕೊನೆಯ ಮೇಲ್ಮನವಿ ಕೋರ್ಟಿಗೆ ಹೋಯಿತು. ಆ ಕೆರೆಗಳು ಹಿಂದಿನಿಂದ ಬಂದವು, ಜನರಿಗೆ ಬೇಕಾದವು, ಜಮೀನ್ದಾರರ ಅಜಾಗರೂಕತೆ ಇಲ್ಲ ಅಂತ ಅವರನ್ನು ಬಿಟ್ಟರು. ಕೋಡಿಗೆ ಚೀಲ ಇಟ್ಟವರಿಗೆ ಅಜಾಗರೂಕತೆ ಇಲ್ಲ ಅಂತ ಹೇಳಲು ಕಷ್ಟ. ಅದಕ್ಕೇ ನೋಟ್‌ಬುಕ್ ಇಡಿ ಅನ್ನುವುದು. ಒದ್ದೆ, ಬಕೆಟಿನ ಹೊತ್ತು, ರಿಪೇರಿ, ಫೋಟೊ ಎಲ್ಲಾ ಅದರಲ್ಲಿರಲಿ. ಇನ್ನೊಂದು, ಸರ್ವೆ ನಕ್ಷೆಯಲ್ಲಿ ಹಳ್ಳ ಖರಾಬು (ಸಾಗುವಳಿಗೆ ಸೇರದ ಹಳ್ಳದ ಜಾಗ) ಅಂತ ಇದ್ದರೆ 1964ರ ಭೂಕಂದಾಯ ಕಾಯ್ದೆಯಂತೆ ಅದು ಸರ್ಕಾರದ್ದು. ದೊಡ್ಡ ಕೆಲಸಕ್ಕೆ ಮುಂಚೆ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ.

ಆ ನಾಲ್ಕು ಶೆಡ್‌ಗಳನ್ನು ಹಳ್ಳದ ದಾರಿಯಿಂದ ಮೇಲಿನ ನೆಲಕ್ಕೆ ಸ್ಥಳಾಂತರಿಸಿ. ಇದಕ್ಕೆ ಆಗುವ ಖರ್ಚನ್ನು ಬೇರೆ ಯಾವ ಕೆಲಸಕ್ಕಾದರೂ ಮುಂಚೆ ಎತ್ತಿಡಿ. 2019ರ ಜುಲೈ 2ರ ರಾತ್ರಿ ರತ್ನಾಗಿರಿ ಜಿಲ್ಲೆಯ ತಿವರೆ ಎಂಬಲ್ಲಿ ಮಣ್ಣಿನ ಅಣೆಕಟ್ಟು ಒಡೆದು ಇಪ್ಪತ್ತರ ಆಸುಪಾಸು ಜನ ಸತ್ತರು. ಜಿನುಗುತ್ತಿದೆ ಅಂತ ಊರವರು ಮೊದಲೇ ದೂರು ಕೊಟ್ಟಿದ್ದರು. ನೀರು ಬಂದದ್ದು ರಾತ್ರಿ, ಜನ ಮನೆಯೊಳಗಿದ್ದಾಗ.

ಮಳೆಗಾಲದಲ್ಲಿ ರಾಡಿ ಬುಗ್ಗೆ, ಕೆರೆಯ ನೀರಿನಲ್ಲಿ ಸುಳಿ, ಒಡ್ಡಿನಲ್ಲಿ ಹಠಾತ್ ಕುಸಿತ ಕಂಡರೆ ಮೊದಲು ಕೆಳಗಿನವರನ್ನು ಎಬ್ಬಿಸಿ. ಆಮೇಲೆ 112ಕ್ಕೆ ಫೋನ್ ಮಾಡಿ. ಆಮೇಲೆ ಉಸುಕಿನ ಕೆಲಸ. ನೀರು ತಲೆ ಮುಟ್ಟುತ್ತಿದ್ದರೆ ಒಡ್ಡಿನ ಮೇಲೆ ಯಾರೂ ಹೋಗಬಾರದು. ಅಂಥ ಆತುರ ಇಲ್ಲದೆ ನೀರು ಇಳಿಸುವುದಾದರೆ ದಿನಕ್ಕೆ ಒಂದು ಅಡಿಗಿಂತ ಜಾಸ್ತಿ ಬೇಡ. ಬೇಗ ಇಳಿಸಿದರೆ ಒಳಬದಿಯ ಹಸಿ ಮಣ್ಣು ಆಸರೆ ತಪ್ಪಿ ಜಾರುತ್ತದೆ.

ಲೆವೆಲ್ ಪೈಪಿನ ಅಳತೆ, ಲೋಟದ ಫೋಟೊ ಎರಡನ್ನೂ ಕಳಿಸಿ. ಲೋಟದ ಹಿಂದೆ ಬಿಳಿ ಕಾಗದ ಇಟ್ಟು ತೆಗೆಯಿರಿ, ಮಬ್ಬು ಸರಿಯಾಗಿ ಕಾಣುತ್ತದೆ.